ದೊಡ್ಡ ಸಹಿ

ಪ್ರಯೋಗಾಲಯದಲ್ಲಿ ಅವಳಿಗೆ ಭೂತಗನ್ನಡಿ ಅಕ್ಕ ಅಂತಲೇ ಹೆಸರು. ಅವಳು ಕೆಲಸ ಮಾಡುವುದು ಸೂಕ್ಷ್ಮದರ್ಶಕದಲ್ಲಿ, ಭೂತಗನ್ನಡಿ ಮೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಆದರೆ ಅಡ್ಡಹೆಸರು ಇಡುವವರಿಗೆ ಅದೆಲ್ಲ ಲೆಕ್ಕಕ್ಕುಂಟೆ? ಯಾವ ಬರಹ ಯಾರ ಕೈಯದು, ಯಾವ ಸಹಿ ಅಸಲು, ಯಾವುದು ನಕಲು ಎಂದು ಹೇಳುವುದು ಅವಳ ಉದ್ಯೋಗ. ಮನೆಯಲ್ಲಿ ಅತ್ತೆ ಮಾತ್ರ ಇದನ್ನೊಂದು ವಿದ್ಯೆ ಎಂದು ಇನ್ನೂ ಒಪ್ಪಿರಲಿಲ್ಲ. "ಕೈಬರಹ ಯಾರು ಬೇಕಾದ್ರೂ ಓದ್ತಾರೆ ಕಣೇ. ಹಣೆಬರಹ ಓದೋ ಹಾಗಿದ್ರೆ ಹೇಳು, ಮನೆ ಮುಂದೆ ಬೋರ್ಡು ಹಾಕೋಣ" ಎನ್ನುತ್ತಿದ್ದರು.

ಆ ದಿನ ಮೇಜಿನ ಮೇಲಿದ್ದದ್ದು ಒಂದು ಶಾಲೆಯ ಪ್ರಕರಣ. ಶಾಲೆ ಬಿಟ್ಟುಹೋದ ಮಕ್ಕಳ ವರ್ಗಾವಣೆ ಪತ್ರಗಳನ್ನು, ಸಹಿ ಹೊಂದುತ್ತಿಲ್ಲವೆಂದು ಬೇರೆ ಶಾಲೆಯವರು ವಾಪಸು ಕಳಿಸಿದ್ದರು. ಹೆಡ್‌ಮಾಸ್ಟರು ನೋಡಿದವರೇ "ಇದು ನನ್ನ ಸಹಿ ಅಲ್ಲವೇ ಅಲ್ಲ" ಎಂದುಬಿಟ್ಟರು. ಪತ್ರಗಳನ್ನು ಸಿದ್ಧಮಾಡಿ ಸಹಿಗೆ ಇಡುತ್ತಿದ್ದವಳು ಆಫೀಸಿನ ಗುಮಾಸ್ತೆ. ಅನುಮಾನ ಇನ್ನೆಲ್ಲಿಗೆ ಹೋದೀತು? ಅವಳನ್ನು ಅಮಾನತಿನಲ್ಲಿಟ್ಟು, ವಿಚಾರಣಾ ಸಮಿತಿ ಕಾಗದಗಳನ್ನು ಇಲ್ಲಿಗೆ ಕಳಿಸಿತ್ತು. ವರದಿ ಅವಳಿಗೆ ವಿರುದ್ಧವಾಗಿ ಬಂದರೆ ಅವಳ ಕೆಲಸವೂ ಹೋಯಿತು, ಮಾನವೂ ಹೋಯಿತು.

ಹೆಡ್‌ಮಾಸ್ಟರ ಅಸಲು ಸಹಿ ಊರಿಗೇ ಪರಿಚಯದ ಸಹಿ. ಮೊದಲ ಅಕ್ಷರವೇ ಹೆಬ್ಬೆರಳಿನಷ್ಟು. ಕೆಳಗೆ ಎಳೆದ ಗೆರೆ ಕಾಗದದ ಅಂಚು ಅಡ್ಡ ಬಂತೆಂದು ಮನಸ್ಸಿಲ್ಲದೆ ನಿಲ್ಲುತ್ತಿತ್ತು. ಮಕ್ಕಳು ಬೆನ್ನ ಹಿಂದೆ ಅವರನ್ನು 'ದೊಡ್ಡ ಸಹಿ' ಎಂದೇ ಕರೆಯುತ್ತಿದ್ದರಂತೆ. ತಕರಾರಿನ ಸಹಿಗಳೋ, ಕಾಗೆ ಕಾಲು ಗುಬ್ಬಿ ಕಾಲು. ಪುಟ್ಟ ಪುಟ್ಟ ಅಕ್ಷರ, ಅದರಲ್ಲೂ ನಡುಕ.

ನಡುಕ ಕಂಡರೆ ನಕಲು ಎನ್ನುವುದು ಸುಲಭ. ನಕಲು ಮಾಡುವವನು ನೋಡಿ ನೋಡಿ ನಿಧಾನವಾಗಿ ಚಿತ್ರ ಬಿಡಿಸುತ್ತಾನೆ. ಗೆರೆ ನಡುಗುತ್ತದೆ, ಪೆನ್ನು ಊರಿದ ಜಾಗ ಮೊಂಡಾಗಿರುತ್ತದೆ, ಒತ್ತು ಉದ್ದಕ್ಕೂ ಒಂದೇ ಸಮ. ಆದರೆ ಸೂಕ್ಷ್ಮದರ್ಶಕದ ಕೆಳಗೆ ಈ ಗೆರೆಗಳ ತುದಿಗಳು ಚೂಪಾಗಿದ್ದವು, ಓಡುತ್ತಲೇ ಇಳಿದು ಓಡುತ್ತಲೇ ಎದ್ದ ಪೆನ್ನಿನ ಗುರುತು. ಅಲ್ಲದೆ ನಕಲುಗಾರನಿಗೆ ಆಕಾರವೇ ದೇವರು. ಅಷ್ಟು ದೊಡ್ಡ ಸಹಿಯನ್ನು ಕದಿಯಲು ಕೂತವಳು ಇಷ್ಟು ಚಿಕ್ಕದಾಗಿ ಏಕೆ ಹಾಕುತ್ತಾಳೆ?

ಹೆಡ್‌ಮಾಸ್ಟರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಹೆಸರು ಬರೆದು, ಕೆಳಗಿನ ಗೆರೆಯನ್ನೂ ಎಳೆದು, ಆಮೇಲೆ ಮರೆತವರಂತೆ ಹಿಂದಕ್ಕೆ ಬಂದು ಒತ್ತಕ್ಷರ ಹಾಕುತ್ತಿದ್ದರು. ಹಾಗಾಗಿ ಒತ್ತಕ್ಷರದ ಬಾಲ ಗೆರೆಯ ಮೇಲೆ ಹಾದುಹೋಗುತ್ತಿತ್ತು. ಬರಿಗಣ್ಣಿಗೆ ಕಾಣುವ ಸಂಗತಿಯಲ್ಲ. ಚಿಕ್ಕ ಸಹಿಗಳಲ್ಲೂ, ಪ್ರತಿಯೊಂದರಲ್ಲೂ, ಬಾಲದ ಶಾಯಿ ಗೆರೆಯ ಶಾಯಿಯ ಮೇಲೇ ಕೂತಿತ್ತು.

ಅಂದರೆ ಸಹಿ ಅವರದೇ. ಅವಳಿಗೆ ಸಿಟ್ಟು ನೆತ್ತಿಗೇರಿತು. ಬೇಕೆಂದೇ ಬರಹದ ರೀತಿ ಬದಲಿಸಿ ಸಹಿ ಹಾಕಿ, ಆಮೇಲೆ ನನ್ನದಲ್ಲ ಎಂದು ಕೈ ತೊಳೆದುಕೊಳ್ಳುವ ದೊಡ್ಡ ಮನುಷ್ಯರನ್ನು ಅವಳು ಬೇಕಾದಷ್ಟು ನೋಡಿದ್ದಳು. ಬರಲಿ ಈ ಮಹಾನುಭಾವ, ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತೇನೆ ಎಂದುಕೊಂಡು, ಎದುರಿಗೆ ಕೂರಿಸಿ ಮಾದರಿ ಸಹಿ ತೆಗೆದುಕೊಳ್ಳಲು ಕರೆಸಿದಳು. ಗುಮಾಸ್ತೆಯ ಮಾದರಿಯನ್ನು ಅದೇ ಬೆಳಿಗ್ಗೆ ತೆಗೆದುಕೊಂಡಾಗಿತ್ತು. ಅವಳು ಮಾದರಿ ಕೊಟ್ಟದ್ದಕ್ಕೆ ರಸೀದಿ ಪಡೆಯಲು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು.

ಹೆಡ್‌ಮಾಸ್ಟರು ಇಸ್ತ್ರಿ ಮಾಡಿದ ಅಂಗಿಯಲ್ಲಿ ನೆಟ್ಟಗೆ ಬಂದು ಕೂತರು.

"ಒಂದು ಹಾಳೆಗೆ ಒಂದೇ ಸಹಿ ಸರ್. ಆದ ತಕ್ಷಣ ಹಾಳೆ ನಾನು ತಗೋತೀನಿ."

"ಯಾಕಮ್ಮಾ, ಕಾಪಿ ಹೊಡೀತೀನಿ ಅಂತಲೇ?"

"ಹೂಂ ಸರ್. ನಿಮ್ಮದನ್ನ ನೀವೇ."

ಜೀವಮಾನವಿಡೀ ಪರೀಕ್ಷಾ ಕೊಠಡಿ ಕಾದ ಮನುಷ್ಯ ಮನಸಾರೆ ನಕ್ಕರು. ಮೊದಲ ಸಹಿ ಹಾಳೆ ತುಂಬ ಬಂತು. ನಾಟಕ ಎಂದುಕೊಂಡಳು. ಹಾಳೆಯ ಮೇಲೆ ಹಾಳೆ ಕೊಟ್ಟಳು, ನಡುನಡುವೆ ಏನೇನೋ ಹೇಳಿ ಬರೆಸಿದಳು, ಮಾತಿಗೂ ಎಳೆದಳು. ಕೈ ದಣಿಯಬೇಕು, ಗಮನ ತಪ್ಪಬೇಕು. ನಿಜವಾದ ಬರಹ ಹೊರಗೆ ಬರುವುದು ಆಗಲೇ.

ಹೆಡ್‌ಮಾಸ್ಟರು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತುಂಟಾಟ ಹೇಳುತ್ತ ಹೋದರು. ಕೈ ತನ್ನಷ್ಟಕ್ಕೆ ಬರೆಯುತ್ತಿತ್ತು. ಅಕ್ಷರ ಕುಗ್ಗಿತು, ಇನ್ನೂ ಕುಗ್ಗಿತು. ಸಾಲಿನ ಮೊದಲಿಗಿಂತ ಕೊನೆ ಸಣ್ಣದಾಯಿತು, ಗೆರೆಯೊಳಗೆ ನಡುಕ ಬಂತು. ಬೇಕೆಂದು ಬರಹ ಬದಲಿಸುವವನ ಕಣ್ಣು ಕಾಗದ ಬಿಟ್ಟು ಕದಲುವುದಿಲ್ಲ. ಇವರು ಕಿಟಕಿಯ ಆಚೆ ನೋಡಿಕೊಂಡು ಆ ಹುಡುಗನ ಬಗ್ಗೆ ನಗುತ್ತಿದ್ದರು. ಅಕ್ಷರ ಕುಗ್ಗುತ್ತಿರುವುದು ಅವರಿಗೆ ಗೊತ್ತೇ ಇರಲಿಲ್ಲ.

ಅವಳ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಪಾಪ ಅನ್ನಿಸಿತು. ಅಷ್ಟು ಬೇಗ ಅವರನ್ನು ಕೆಟ್ಟವರ ಸಾಲಿಗೆ ಸೇರಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಹೇಗೆ, ಪಾಸೋ ಫೇಲೋ?" ಎಂದರು ಪೆನ್ನಿನ ಮುಚ್ಚಳ ಹಾಕುತ್ತ.

ತೋರಿಸುವ ಹಾಗಿರಲಿಲ್ಲ, ವರದಿ ಸಮಿತಿಗೆ ಹೋಗಬೇಕಾದದ್ದು. ಆದರೂ ಹಾಳೆಗಳನ್ನು ಬರೆದ ಕ್ರಮದಲ್ಲೇ ಮೇಜಿನ ಮೇಲೆ ಹರಡಿದಳು. ಅವರು ಎಡದಿಂದ ನೋಡುತ್ತ ಬಂದರು. ಕೊನೆಯ ಹಾಳೆ ಎತ್ತಿಕೊಂಡು "ಇದು ನನ್ನ ಸಹಿ ಅ..." ಎಂದವರು ಅಲ್ಲಿಗೇ ನಿಂತರು. ಶಾಯಿ ಇನ್ನೂ ಹಸಿಯಾಗಿತ್ತು.

"ನಾನು ಡಾಕ್ಟರಲ್ಲ ಸರ್" ಎಂದಳು ಅವಳು ಮೆಲ್ಲಗೆ. "ಆದ್ರೆ ಈ ಕೈಯನ್ನ ಒಬ್ಬ ಡಾಕ್ಟರಿಗೆ ತೋರಿಸಿ. ಅಕ್ಷರ ಹೀಗೆ ಕುಗ್ಗೋದಕ್ಕೆ ಕಾರಣ ಇರುತ್ತೆ. ಔಷಧಿನೂ ಇರುತ್ತೆ."

ಅವರು ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. ಆಮೇಲೆ "ಹಾಗಾದ್ರೆ ಆ ಹುಡುಗಿ..." ಎಂದರು.

"ಆಕೆ ಏನೂ ಮಾಡಿಲ್ಲ ಸರ್."

ಹೆಡ್‌ಮಾಸ್ಟರು ಎದ್ದು ಹೊರಗೆ ಹೋದರು. ಭೂತಗನ್ನಡಿ ಅಕ್ಕನಿಗೂ ಒಳಗೆ ಕೂರಲಾಗಲಿಲ್ಲ, ಬಾಗಿಲಿಗೆ ಬಂದು ನಿಂತಳು. ಗುಮಾಸ್ತೆ ಅಭ್ಯಾಸಬಲದಿಂದ ಎದ್ದು ನಿಂತಳು. ಆಮೇಲೆ ಎದ್ದದ್ದಕ್ಕೆ ತನ್ನ ಮೇಲೇ ಸಿಟ್ಟಾದವಳಂತೆ ಮುಖ ತಿರುಗಿಸಿದಳು.

"ನಿನಗೆ ಗೊತ್ತಿತ್ತೇನಮ್ಮಾ, ನನ್ನ ಕೈ ಹೀಗೆ ಅಂತ?"

"ಗೊತ್ತಿತ್ತು ಸರ್. ಟೀ ಅರ್ಧ ಕಪ್ ಮಾತ್ರ ತಂದಿಡ್ತಿದ್ದೆನಲ್ಲ, ಇನ್ಯಾಕೆ ಅಂದುಕೊಂಡ್ರಿ? ಚೆಲ್ಲಬಾರದು ಅಂತ."

"ನನಗ್ಯಾಕೆ ಹೇಳಲಿಲ್ಲ?"

"ಹೇಗೆ ಹೇಳೋದು ಅಂತ ಯೋಚನೆ ಮಾಡ್ತಾನೇ ಇದ್ದೆ. ಅಷ್ಟರಲ್ಲಿ ನೀವು ಟೀಚರುಗಳೆಲ್ಲ ಕೂತಿರೋವಾಗ ನನ್ನ ಕಡೆ ಕೈ ತೋರಿಸಿದ್ರಿ. ಆಮೇಲೆ ನನಗೆ ಬಾಯೇ ಬರಲಿಲ್ಲ ಸರ್."

"ತಪ್ಪಾಯ್ತಮ್ಮಾ. ಸಮಿತಿಗೆ ಇವತ್ತೇ ಬರೆದು ಕೊಡ್ತೀನಿ, ಸಹಿ ನನ್ನದೇ ಅಂತ. ನಾಳೆಯಿಂದ ಕೆಲಸಕ್ಕೆ ಬಾ."

"ಬರೆದುಕೊಟ್ರೆ ಫೈಲಿಗೆ ಹೋಗುತ್ತೆ, ಅದನ್ನ ಯಾರು ಓದ್ತಾರೆ? ನನ್ನ ಮೇಲೆ ಹೇಳಿದ್ದು ಎಲ್ಲರ ಮುಂದೆ. ಇದನ್ನೂ ಅಲ್ಲೇ ಹೇಳಿ, ಅಲ್ಲೇ ಬರೆದು ಸಹಿ ಹಾಕಿ. ಆಮೇಲೆ ಬರ್ತೀನಿ."

ಹೆಡ್‌ಮಾಸ್ಟರು ಗೋಡೆಗೆ ಕೈಯಾನಿಸಿ ನಿಂತರು. "ಅವರೆಲ್ಲ ನೋಡ್ತಾ ಇದ್ರೆ ಕೈ ಇನ್ನೂ ಜಾಸ್ತಿ ನಡುಗುತ್ತಮ್ಮಾ" ಎಂದರು, ಸಣ್ಣ ಮಗುವಿನ ದನಿಯಲ್ಲಿ.

ಗುಮಾಸ್ತೆ ಕಣ್ಣೊರೆಸಿಕೊಂಡು ಅವರ ಚೀಲ ಎತ್ತಿಕೊಂಡಳು.

"ನಡುಗಲಿ ಸರ್. ನಾನು ಪಕ್ಕದಲ್ಲೇ ನಿಂತಿರ್ತೀನಿ."