ಇಪ್ಪತ್ತಮೂರನೆಯ ಭಾಗದ ತೋಳ

ತಾಮ್ರದ ತಂತಿ ಬೆರಳ ಸಂದಿನಿಂದ ಜಾರುತ್ತಿತ್ತು, ನಲವತ್ತು, ನಲವತ್ತೊಂದು, ಬಾಗಿಲ ಬಿಸಿಲಲ್ಲಿ ಒಂದು ನೊಣ ಚಹಾದ ಗ್ಲಾಸಿನ ಅಂಚಿಗೆ ಕೂತು, ಎದ್ದು, ಮತ್ತೆ ಅಲ್ಲೇ ಕೂತಿತು, ನಲವತ್ತೆರಡು — ಹೆಣ್ಣೂ ನೋಡಿಲ್ಲ, ತೋಳಾನೂ ನೋಡಿಲ್ಲ, ತೋಳನ ಲವ್ ಸ್ಟೋರಿ ಬರಿಯಾಕತ್ತಾನ ನೋಡ್ರಿ ಇಂವ, ಅಂದ ಮಾಲಕ ಮಹೇಶಕುಮಾರ, ತಂತಿ ಸುತ್ತುತ್ತಿದ್ದ ಸಂಘಪಾಲನ ಫೋನು ಅವನ ಕೈಯಲ್ಲಿ, ಹುಮನಾಬಾದಿನ ಆ ಮೋಟರ್ ವೈಂಡಿಂಗ್ ಅಂಗಡಿಯ ಬೆಂಚಿನ ಮೇಲಿದ್ದ ಐದೂ ಗಿರಾಕಿಗಳು ನಕ್ಕರು, ಬೇಮಳಖೇಡದ ಪಂಡರಿ ಕಾಕಾನಿಗಂತೂ ಚಹಾ ನೆತ್ತಿಗೇರಿ ಕೆಮ್ಮು ಬಂತು. ಚಾರ್ಜಿಗೆ ಹಾಕಿದ್ದ ಫೋನು, ತೆಗೆದು ತೋರಿಸಿದವನು ಜೊತೆಗೆ ಕೆಲಸ ಮಾಡುವ ನದೀಮ್, ನಾಲ್ಕು ಮಂದಿ ನಗಲಿ ಅಂತಷ್ಟೇ, ಕೆಟ್ಟವನಲ್ಲ, ಈಗ ತಲೆ ತಗ್ಗಿಸಿ ಬೋಲ್ಟು ಹುಡುಕುವ ನಾಟಕ ಮಾಡುತ್ತಿದ್ದಾನೆ. ಒಂಬತ್ತನೇತ್ತಕ್ಕ ಸಾಲಿ ಬಿಟ್ಟಾಂವ, ಮ್ಯಾಲ ಕತಿ ಬರಿಯಾಕ ಹೆಣ್ಮಗಳ ಹೆಸರು ಬ್ಯಾರೆ, ಏ ಮಂಜುಶ್ರೀಬಾಯಿ, ಏನರ ಮಾತಾಡ್ರಿ. ಮತ್ತೆ ನಗು. ನಲವತ್ತೆರಡೋ, ನಲವತ್ತಮೂರೋ, ಲೆಕ್ಕ ತಪ್ಪಿತು. ಕೋಪ ಹುಟ್ಟುವುದು ಎಲ್ಲಿ, ಇದನ್ನು ನೋಡಿಟ್ಟುಕೊಳ್ಳಬೇಕು, ತನ್ನ ಕತೆಯ ಅಧಿರಾಜನಿಗೆ ಸಿಟ್ಟು ಬಂದಾಗಲೆಲ್ಲ ಕಣ್ಣು ಕೆಂಡವಾದವು ಅಂತ ಬರೆದದ್ದು, ಇಪ್ಪತ್ತೆರಡು ಭಾಗದಲ್ಲಿ ಇಪ್ಪತ್ತೆರಡು ಸಲ, ಶುದ್ಧ ಸುಳ್ಳು, ಇವನ ಕಣ್ಣಿಗೆ ಈಗ ಏನೂ ಆಗಿಲ್ಲ, ಕಣ್ಣು ತನ್ನ ಪಾಡಿಗೆ ನೊಣ ನೋಡುತ್ತಿದೆ, ಉರಿ ಇರುವುದು ಕಿವಿಯ ಹಿಂದೆ, ಅಲ್ಲಿಂದ ಹೆಗಲು, ಹೆಗಲಿಂದ ಬಲಗೈ, ಬಲಗೈಗೆ ಒಂದು ಗೇಣು ದೂರದಲ್ಲಿ ಮರದ ಸುತ್ತಿಗೆ. ಒಂದು ಗೇಣು ದೂರದಲ್ಲೇ ಇತ್ತು ಅವತ್ತು ಸಾಲಿಯಲ್ಲಿ ಡಸ್ಟರ್ ಕೂಡ, ಸರ್ ಇವನ ನಿಬಂಧವನ್ನು ಇಡೀ ವರ್ಗದ ಮುಂದೆ ಓದಿ, ಇದೆಂಥಾ ಕನ್ನಡನೋ, ಆಡು ಕಾಯೋರ ಕನ್ನಡ ಅಂದಾಗ ಇವನು ಡಸ್ಟರಿನಿಂದಲೇ ಉತ್ತರ ಕೊಟ್ಟಿದ್ದ, ಸರ್ ಅವರ ಹಣೆಯ ಮೇಲೆ ಚೌಕಾಕಾರದ ಬಿಳಿ ಗುರುತು ಮೂಡಿತ್ತು, ಸೀಮೆಸುಣ್ಣದ್ದೇ, ರಕ್ತವಲ್ಲ, ಆದರೂ ಸಾಲಿ ಅಲ್ಲಿಗೆ ಮುಗಿಯಿತು, ಎಂಟು ದಿನಕ್ಕೆ ಅಪ್ಪ ಅಂಬಾದಾಸ ಈ ಅಂಗಡಿಗೆ ತಂದು ನಿಲ್ಲಿಸಿ, ಕೈ ಸುಮ್ಮ ಇಟಗೊಂಡ್ರ ಅನ್ನ ತಿಂತಿ ಅಂದು ಹೋದ. ಕೈ ಈಗ ಸುಮ್ಮನಿಲ್ಲ. ಉತ್ತರ ಕೊಟ್ಟರೆ ಈ ಸಲ ಹೋಗುವುದು ಅಂಗಡಿ.

ಮಾಲಕ ಓದುತ್ತಿದ್ದಾನೆ, ಎರಡನೆಯ ಭಾಗ, ಅಧಿರಾಜ ಎಡಹುಬ್ಬು ಮೇಲೇರಿಸಿ ತಣ್ಣಗೆ ನಕ್ಕ, ಓದುವಾಗ ಅವನ ಎಡಹುಬ್ಬೇ ಮೇಲೇರುತ್ತಿದೆ, ಅವನಿಗೆ ಗೊತ್ತಿಲ್ಲ, ಆ ಹುಬ್ಬು ಅವನದೇ, ಗಿರಾಕಿ ಮೋಟರ್ ಸುಟ್ಟುಕೊಂಡು ಬಂದಾಗ ಏರುವ ಹುಬ್ಬು, ಸಂಘಪಾಲ ಅದನ್ನು ಬಿಚ್ಚಿ ತಂದು ಹುಣ್ಣಿಮೆಗೆ ತೋಳನಾಗುವ ಮನುಷ್ಯನಿಗೆ ಜೋಡಿಸಿದ್ದು. ದನಿ ಬೀದರ ಬಸ್ಸಿನ ಒಬ್ಬ ಕಂಡಕ್ಟರನದು. ಎತ್ತರ ಬಸವಕಲ್ಯಾಣದ ಕೋಟೆಯದು, ಅದಕ್ಕಾಗಿಯೇ ಒಂದು ಐತವಾರ ಬಸ್ಸು ಹತ್ತಿ ಹೋಗಿ ದೊಡ್ಡ ಬಾಗಿಲನ್ನು ಮೊಳ ಹಾಕಿ ಅಳೆದ, ಏ ಏನ್ ಅಳಿಯಾಕತ್ತಿ, ಬಾಗಲ ಬಿಚ್ಚಕೊಂಡ ಹೋಗಾಂವೇನ್ ಅಂದ ಕಾವಲುಗಾರ, ಇಲ್ರಿ, ಒಬ್ಬ ಮನಷ್ಯಾ ಇದರಾಗ ಹಾಯತಾನೋ ಇಲ್ಲೋ ನೋಡಾಕತ್ತೇನಿ ಅಂದರೆ ಅವನು ಇವನನ್ನು ಮೇಲಿಂದ ಕೆಳಗೆ ನೋಡಿದ. ದೊಡ್ಡ ಬಾಗಿಲ ಹೊಟ್ಟೆಯಲ್ಲಿ ಒಂದು ಸಣ್ಣ ದಿಡ್ಡಿ ಬಾಗಿಲಿತ್ತು, ಅದರಲ್ಲಿ ಹಾಯಬೇಕಾದರೆ ಅಧಿರಾಜನಾದರೂ ಬಗ್ಗಲೇಬೇಕು, ಬಗ್ಗಿದ ಅಧಿರಾಜ ಹೇಗೆ ಕಾಣಬಹುದು ಅಂತ ಬಸ್ಸಿನಲ್ಲಿ ಊರು ಮುಟ್ಟುವ ತನಕ ಯೋಚಿಸಿದ, ಬರೆಯಲಿಲ್ಲ. ತೋಳ ಆಗುವಾಗ ಅವನ ಪ್ಯಾಂಟ್ ಎಲ್ಲಿ ಹೋಗ್ತದ ಭಾಯ್, ಅಂತ ನದೀಮ್ ಕೇಳಿದ್ದಕ್ಕೂ ನಾಲ್ಕು ದಿನ ಯೋಚಿಸಿದ. ಹಾಗೆ ಅಧಿರಾಜ ತುಂಡು ತುಂಡಾಗಿ ಸೇರಿಕೊಂಡ, ಆದರೆ ಇಂಚರಾ, ಅವನು ಪ್ರೀತಿಸುವವಳು, ಅವಳು ಯಾರ ತುಂಡು, ತನ್ನೂರು ಘಾಟಬೋರಾಳದಲ್ಲಿ ಅಂಥ ಹೆಸರಿನವರು ಒಬ್ಬರೂ ಇಲ್ಲ, ಕೂದಲು ಶಾಂಪೂ ಜಾಹೀರಾತಿನದು, ಅಳು ಸೀರಿಯಲ್ಲಿನದು, ಹೆದರುತ್ತಾಳೆ, ಮೂರ್ಛೆ ಹೋಗುತ್ತಾಳೆ, ಅವನ ತೋಳಿನಲ್ಲಿ ಎಚ್ಚರಾಗುತ್ತಾಳೆ, ಫೋನಿನಲ್ಲಿ ಓದುವವರು ಮಂಜುಶ್ರೀ ಹೆಣ್ಣೆಂದೇ ನಂಬಿ ಅದನ್ನೇ ಕೇಳುತ್ತಾರೆ, ಅಕ್ಕಾ ಜಲ್ದಿ ಹಾಕ್ರಿ ಮುಂದಿನ ಭಾಗ, ಅಕ್ಕಾ ನಿದ್ದಿ ಇಲ್ರಿ ನಮಗ. ಸುಗಂಧಾ ಅನ್ನುವವಳೊಬ್ಬಳು ಮಾತ್ರ ಬೇರೆ ಬರೆದಳು, ಅಕ್ಕಾ, ಅಧಿರಾಜ ಕೈ ಹಿಡಿದು ಜಗ್ಗಿದಾಗ ಇಂಚರಾಗ ಏನ್ ಅನಸ್ತು, ಅದೊಂದು ನೀವು ಎಲ್ಲೂ ಬರದಿಲ್ಲ. ಆ ಪ್ರಶ್ನೆ ಬಂದು ಮೂರು ದಿನವಾಯಿತು. ಇಪ್ಪತ್ತಮೂರನೆಯ ಭಾಗದಲ್ಲಿ ಅಧಿರಾಜ ಪೂರ್ತಿ ತೋಳನಾಗಿ ಮೊದಲ ಸಲ ಅವಳೆದುರು ನಿಲ್ಲಬೇಕು, ಚೀರಿದಳು ಅಂತ ಬರೆದು ಅಳಿಸಿದ, ಕುಸಿದಳು ಅಂತ ಬರೆದು ಅಳಿಸಿದ, ನಿಂತಳು ಅಂತ ಬರೆದು — ನಿಂತು ಏನು ಮಾಡಿದಳು.

ಖರೇ ತೋಳ ಕಂಡ್ರ ಚಡ್ಡಿ ಒದ್ದಿ ಆಗ್ತಾವ ತಮ್ಮಾ, ಕೆಮ್ಮು ನಿಲ್ಲಿಸಿ ಅಂದ ಪಂಡರಿ ಕಾಕಾ, ಅವನ ಮೋಟರಿನ ತಂತಿಯೇ ಇವನ ಬೆರಳಲ್ಲಿರುವುದು. ನೋಡಿದ್ದೆ. ಸಂಘಪಾಲ ಖರೇ ತೋಳ ನೋಡಿದ್ದಾನೆ, ನೋಡಿ ಹನ್ನೊಂದು ವರ್ಷ, ಅದು ಇವತ್ತಿನವರೆಗೆ ಕತೆಯ ಹತ್ತಿರ ಯಾಕೆ ಬರಲಿಲ್ಲ, ಹಲ್ಲು ಕಾಣಲಿಲ್ಲ ಅಂತಲೋ, ಅದರಲ್ಲಿ ಪ್ರೀತಿ ಇರಲಿಲ್ಲ ಅಂತಲೋ. ತೊಗರಿ ಕೊಯ್ಲು, ನಸುಕು, ಅವ್ವ ಕಾಂತಾಬಾಯಿ ಸಾಲಿನಲ್ಲಿ ಬಗ್ಗಿದ್ದಾಳೆ, ಕೈಯಲ್ಲಿ ಕುಡುಗೋಲು, ಬದುವಿನ ಮೇಲೆ ಇವರದೊಂದೇ ಆಡಿನ ಮರಿ, ಒಂದು ಕಿವಿ ಬಿಳಿದು, ಮ್ಯಾ ಅಂದದ್ದು ಅರ್ಧಕ್ಕೆ ನಿಂತಿತು, ತಿರುಗಿದರೆ ಅದು, ಎಷ್ಟು ಸಣ್ಣದು, ಕೋಟೆಬಾಗಿಲಿನಷ್ಟಿಲ್ಲ, ಮಣ್ಣಿನ ಬಣ್ಣ, ಪಕ್ಕೆಲುಬು ಎಣಿಸಬಹುದು, ಹೊಟ್ಟೆಯ ಕೆಳಗೆ ಮೊಲೆ ಜೋತುಬಿದ್ದಿವೆ, ಬಾಯಲ್ಲಿ ಮರಿ, ಅದರ ಬಿಳಿ ಕಿವಿ. ಅವ್ವ ಚೀರಲಿಲ್ಲ. ಕುಡುಗೋಲು ಎತ್ತಲಿಲ್ಲ, ಒಗೆಯಲೂ ಇಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ನಿಂತಳು, ಎರಡೂ ಒಂದನ್ನೊಂದು ನೋಡಿದವು, ಎರಡೂ ಅಂತಲೇ ನೆನಪಿಗೆ ಬರುತ್ತದೆ, ಆಮೇಲೆ ಅವ್ವ ಮೆಲ್ಲಗೆ, ಹೋಗವ್ವಾ, ಹೋಗು. ಇವನು ಮಣ್ಣಿನ ಹೆಂಟೆ ಬೀರಿದ, ಒಂದೂ ಮುಟ್ಟಲಿಲ್ಲ, ಯಾಕ ಬಿಟ್ಟಿ, ನಮ್ಮದಿತ್ತಲ್ಲ ಅದು, ಯಾಕ ಬಿಟ್ಟಿ ಅಂತ ಒದರಿದ, ಅವ್ವನ ಕಾಲು ನಡುಗುತ್ತಿದ್ದವು, ಈಗ ನೆನಪಾಯಿತು, ನಡುಗುತ್ತಲೇ ನಿಂತಿದ್ದಳು, ಹೆದರಿದವಳೇ ನಿಂತಿದ್ದಳು, ಇದನ್ನೇ ಕೇಳಿದ್ದಳಲ್ಲ ಸುಗಂಧಾ, ಅವ್ವ ಅಂದದ್ದು ಇಷ್ಟೇ, ಓಡಲಿಲ್ಲ ನೋಡು ಅದು, ಎಷ್ಟ ಸಾವಕಾಶ ಹೊಂಟದ ನೋಡು.

ಏನೋ, ಕಿವಿ ಕೇಳ್ಸಂಗಿಲ್ಲೇನ್ ಮಂಜುಶ್ರೀಬಾಯಿಗೆ, ಮಾಲಕನ ಹುಬ್ಬು ಮೇಲೇರಿದೆ, ಬೆಂಚಿನ ಐದೂ ಮುಖ ಕಾಯುತ್ತಿವೆ, ನದೀಮನದೂ, ಉತ್ತರ ಬೇಕು ಅವರಿಗೆ, ಸುತ್ತಿಗೆ ಯಾವಾಗ ಬಲಗೈಗೆ ಬಂತೋ, ಹಿಡಿಕೆ ಬೆವರಿದೆ, ಇವನು ಅದನ್ನು ಇದ್ದಲ್ಲೇ ಇಟ್ಟ, ತಂತಿ ಜಾರದಂತೆ ಮೊಳೆಗೆ ಸುತ್ತಿದ, ಎದ್ದು ಮಾಲಕನ ಕೈಯಿಂದ ಫೋನು ತೆಗೆದುಕೊಂಡ, ಜಗ್ಗಲಿಲ್ಲ, ತೆಗೆದುಕೊಂಡ, ಮೆಟ್ಟಿಲು ಇಳಿದ, ರಸ್ತೆಯ ಬಿಸಿಲು, ಏ ಎಲ್ಲಿ ಹೊಂಟಿ, ಕಾಕಾನ ಮೋಟರ್ ಯಾರ ಕಟ್ಟತಾರ, ನಾಳಿ ಬಂದ್ರ ಒಳಗ ಕಾಲಿಡಬ್ಯಾಡ, ದನಿ ಬೆನ್ನ ಹಿಂದೆ ಬಂತು, ಒಂದು ಹೆಂಟೆಯ ಹಾಗೆ, ಮುಟ್ಟದೆ ಬಿದ್ದ ಹೆಂಟೆಯ ಹಾಗೆ, ಕಾಲು ನಡುಗುತ್ತಿವೆ, ನಡುಗಲಿ, ಓಡುವುದಿಲ್ಲ, ಇಂಚರಾ ಕೂಡ ನಡುಗುತ್ತಲೇ ನಿಂತು ನೋಡುತ್ತಾಳೆ, ತೊಗರಿಯ ಎರಡು ಸಾಲಿನ ನಡುವೆ ಮಣ್ಣಿನ ಬಣ್ಣದ ಬೆನ್ನು, ತೂಗಾಡುವ ಬಿಳಿ ಕಿವಿ, ತಿರುಗಿ ನೋಡಲಿಲ್ಲ ಅದು, ಬೆನ್ನು, ಸಾವಕಾಶ, ಆ ಬೆನ್ನು