ಎಡಗಡೆಯ ಅಂಚು

ಎಡಮೂಲೆಯ ಹೂವು ಅಲುಗಾಡುತ್ತಿದೆ, ಬಾರ್ಡರಿನ ಹೂವು ಅಲುಗಾಡಬಾರದು, ಅದು ವಿಡಿಯೋದ ಮೇಲೆ ಅಂಟಿಸಿದ್ದು, ಅಲುಗಾಡುತ್ತಿರುವುದು ಅದರ ಹಿಂದಿನದು — ಎಲೆಗಳ ಸಂದಿಯಲ್ಲಿ ಏನೋ ಬಾಗಿತು, ನೆಟ್ಟಗಾಯಿತು, ಅವಳು ವಿಡಿಯೋ ಹಿಂದಕ್ಕೆ ಎಳೆದು ನೋಡಿದಳು, ಮತ್ತೆ ಬಾಗಿತು, ಥೂ ಹಾಳಾದ್ದು, ಎಷ್ಟು ಮದುವೆಗಳಿಗೆ ಇದೇ ಬಳ್ಳಿ ಸುತ್ತಿಲ್ಲ ತಾನು, ಮೊದಲು ಬಾರ್ಡರ್ ಹಾಸಿಬಿಡು ಆಮೇಲೆ ಕತ್ತರಿಸು ಅಂತ ಸ್ಟುಡಿಯೋ ಯಜಮಾನರು ಕಲಿಸಿದ ಪಾಠ, ಅಂಚಲ್ಲಿ ಏನಿರುತ್ತಮ್ಮಾ, ಎಂಜಲು ಕೈ, ಮುರಿದ ಕುರ್ಚಿ, ಆಕಳಿಸೋ ಮಾವ, ಮುಚ್ಚಿಹಾಕು, ಜನ ನೋಡೋದು ಮಧ್ಯದಲ್ಲಿರೋದನ್ನ. ಹಾಗಾಗಿ ಅಂಚನ್ನು ಅವಳು ನೋಡಿದವಳೇ ಅಲ್ಲ, ಒಡಹುಟ್ಟಿದ ತಂಗಿ ಪುಟ್ಟಿಯ ಮದುವೆಯಲ್ಲೂ ನೋಡಲಿಲ್ಲ, ತಂಗಿಯ ಗಂಡ ಈಗಷ್ಟೇ ಬಾಗಿಲಲ್ಲಿ ಇಣುಕಿ ಹೇಳದಿದ್ದರೆ ನೋಡುತ್ತಲೂ ಇರಲಿಲ್ಲ — ಅತ್ತಿಗೆ, ನಮ್ಮ ದೊಡ್ಡಪ್ಪ ಮೈಕ್ ಹಿಡ್ಕೊಂಡು ಹಾಡ್ತಾರಲ್ಲ, ಅಲ್ಲಿ ಎಡಗಡೆ ಬಾರ್ಡರ್ ಸ್ವಲ್ಪ ದಪ್ಪ ಮಾಡಿ. ಎಡಗಡೆ ಮಾತ್ರ ಯಾಕಪ್ಪಾ? ಸುಮ್ನೆ, ಲುಕ್ ಬರುತ್ತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನನ್ನು ಕಳ್ಳ ಎಂದವರೇ ಯಾರೂ ಇರಲಿಲ್ಲ.

ಬಾರ್ಡರ್ ಕಿತ್ತೆಸೆದಳು. ಬಳ್ಳಿ ಹೋಯಿತು, ಹೂವು ಹೋಯಿತು, ಮಧ್ಯದಲ್ಲಿ ದೊಡ್ಡಪ್ಪ ಬಾಯಿ ಅಗಲಿಸಿ ಹಾಡುತ್ತಿದ್ದಾರೆ, ಎಡಕ್ಕೆ ಸೋಫಾದ ತುದಿ, ಮದುಮಗ, ಮದುಮಗಳು, ಅವನ ಮುಖ ಹಾಡಿನ ಕಡೆಗಿದೆ, ನಗುತ್ತಿದೆ, ಕೈ ಮಾತ್ರ ಕೆಳಗೆ, ಪುಟ್ಟಿಯ ಕಿರುಬೆರಳು ಆ ಮುಷ್ಟಿಯಲ್ಲಿದೆ, ಹಿಂದಕ್ಕೆ ಬಾಗುತ್ತಿದೆ, ಇನ್ನೂ ಹಿಂದಕ್ಕೆ, ಬೆರಳು ಹೋಗಬಾರದ ಕಡೆಗೆ, ಪುಟ್ಟಿಯ ತುಟಿ ಸಾರಿ ಅನ್ನುತ್ತಿದೆ, ಸಾರಿ, ಸಾರಿ — ಯಾವುದಕ್ಕೆ? ಹಿಂದಕ್ಕೆ ಎಳೆದಳು, ಅಲ್ಲಿದೆ, ಜೊತೆಗೆ ಓದಿದ ಹುಡುಗನೊಬ್ಬ ಕೈಕುಲುಕಿದ, ಪುಟ್ಟಿ ಗಟ್ಟಿಯಾಗಿ ನಕ್ಕಳು, ಅಷ್ಟೇ, ನಕ್ಕಿದ್ದಕ್ಕೆ. ಬಾಗಿಲಿಗೆ ಸಿಕ್ತು ಕಣೇ ಅಕ್ಕ, ಅಂದಳಲ್ಲ ಮರುದಿನ, ಬೆರಳಿಗೆ ಬ್ಯಾಂಡೇಜು, ಮದುವೆ ಗಡಿಬಿಡೀಲಿ ನೋಡ್ಕೊಳ್ಳಲಿಲ್ಲ, ಅಮ್ಮ ಪೆದ್ದು ಮುಂಡೇದು ಅಂತ ಬೈದಳು, ಎಲ್ಲರೂ ನಕ್ಕರು, ತಾನೂ ನಕ್ಕಳು, ಅಯ್ಯೋ ನಾನೂ ನಕ್ಕೆನಲ್ಲ. ಹೊಡೆದವರ ಕೈ ಕಚ್ಚುತ್ತಿದ್ದ ಹುಡುಗಿ ಅದು, ಅಪ್ಪನನ್ನೂ ಬಿಟ್ಟವಳಲ್ಲ, ಈ ತೋಳಿನ ಮೇಲೆ ಇನ್ನೂ ಇದೆ ಅವಳ ಹಲ್ಲಿನ ಗುರುತು, ಕಚ್ಚೇ, ಕಚ್ಚು, ಯಾಕೆ ಸಾರಿ ಅಂತೀಯ. ಬೆರಳು ಬಾಗುತ್ತಿದೆ.

ಹೊರಗೆ ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ಅವನ ನಗು, ಅವನ ತಾಯಿಯ ನಗು, ತನ್ನ ಅಪ್ಪನ ಕೆಮ್ಮು, ವಿಡಿಯೋ ನೋಡಿ, ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು, ಸಂಜೆಯ ಬಸ್ಸಿಗೆ ಪುಟ್ಟಿಯನ್ನು ಕರೆದುಕೊಂಡು ಹೊರಡುತ್ತಾರೆ, ಅವನೂರಿಗೆ, ಅವನ ಮನೆಗೆ, ಬಾಗಿಲು ಹಾಕಿಕೊಂಡರೆ ಕೇಳುವವರಿಲ್ಲ, ಪುಟ್ಟಿಗೆ ಇನ್ನೂ ಒಂಬತ್ತು ಬೆರಳಿವೆ. ಗೋಡೆಗೆ ಒರಗಿಸಿದ ಟ್ರೈಪಾಡು, ಅದರ ಕಬ್ಬಿಣದ ಕಾಲು, ಹೋಗಿ ಆ ನಗುವ ಹಲ್ಲಿಗೇ ಬಾರಿಸಿದರೆ, ಒಂದು, ಇನ್ನೊಂದು, ಮೂಗು ಮುಖದೊಳಗೆ ಹೂತುಹೋಗುವಷ್ಟು, ಸಾರಿ ಅನ್ನು, ಅನ್ನೋ, ರಕ್ತ ಉಗುಳಿಕೊಂಡು ಅನ್ನು — ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ, ಅನ್ನುತ್ತಾಳೆ ಅಮ್ಮ, ಗಂಡಸರ ಕೋಪ ಹಾಲುಕ್ಕಿದ ಹಾಗೆ, ಇಳಿಯುತ್ತೆ, ಹೊಂದ್ಕೊಂಡು ಹೋಗ್ಬೇಕು. ಕೈ ಟ್ರೈಪಾಡನ್ನು ಹಿಡಿದಿತ್ತು, ತಣ್ಣಗಿತ್ತು ಅದು, ಬಿಟ್ಟಳು. ಬಾರಿಸಿದರೆ ನಾಳೆ ಎಲ್ಲರೂ ಅವನ ಮೂಗಿನ ಮಾತಾಡುತ್ತಾರೆ, ಬೆರಳಿನ ಮಾತು ಯಾರೂ ಎತ್ತುವುದಿಲ್ಲ.

ಆಯ್ತೇನಮ್ಮಾ, ಗೋಡೆ ಮೇಲೆ ಹಾಕು, ಎಲ್ಲರೂ ಕಾಯ್ತಿದಾರೆ, ಯಜಮಾನರ ದನಿ. ಆಯ್ತು ಸರ್. ದೊಡ್ಡಪ್ಪನನ್ನು ಕತ್ತರಿಸಿದಳು, ಹಾಡು ಕತ್ತರಿಸಿದಳು, ಎಡಗಡೆಯ ಅಂಚೊಂದನ್ನೇ ಹಿಗ್ಗಿಸಿದಳು, ಮುಗಿದ ಕೂಡಲೇ ಮತ್ತೆ ಶುರುವಾಗುವ ಹಾಗೆ ಮಾಡಿದಳು, ಪ್ರೊಜೆಕ್ಟರಿಗೆ ಕೊಟ್ಟು ಬಾಗಿಲಿಗೆ ಬಂದು ನಿಂತಳು. ಗೋಡೆ ತುಂಬ ಮುಷ್ಟಿ, ಮುಷ್ಟಿಯಲ್ಲಿ ಬೆರಳು. ಇದೇನಿದು, ಅವನ ತಾಯಿ, ಅಪ್ಪ ಕೆಮ್ಮು ನಿಲ್ಲಿಸಿದ, ಪುಟ್ಟಿ ಬ್ಯಾಂಡೇಜಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಬೇಡ ಅಕ್ಕ, ನಿಲ್ಸು, ಎದ್ದೇಬಿಟ್ಟನಲ್ಲ ಅವನು, ತಮಾಷೆಗೆ ಕಣ್ರೀ, ಆಫ್ ಮಾಡ್ರೀ ಅದನ್ನ, ಗೋಡೆಗೆ ಅಡ್ಡ ನಿಂತ, ಕೈ ಎರಡೂ ಅಗಲಿಸಿ ಮುಚ್ಚಲು ನೋಡಿದ, ಬೆಳಕು ಅವನ ಬಿಳಿ ಅಂಗಿಯ ಮೇಲೆ ಬಿತ್ತು, ಈಗ ಅವನೆದೆಯ ಮೇಲೆ, ಗುಂಡಿಗಳ ಮೇಲೆ, ಪುಟ್ಟಿಯ ಕಿರುಬೆರಳು, ಹಿಂದಕ್ಕೆ ಬಾಗುತ್ತಿದೆ, ನೆಟ್ಟಗಾಗುತ್ತಿದೆ, ಬಾಗುತ್ತಿದೆ, ಬೆರಳು, ಅವನ ಅಂಗಿಯ ಮೇಲೆ, ಬಾಗುತ್ತಿದೆ