ನೆತ್ತಿಗಲ್ಲಿನ ಸದ್ದು

ಗುಡಿಯ ಗುಮ್ಮಟಕ್ಕೆ ಕೊಟ್ಟ ಮರದ ಆಸರೆಗಳನ್ನು ಬಿಚ್ಚುವಾಗ ಅದನ್ನು ಕಟ್ಟಿದವನು ಅದರ ಕೆಳಗೇ ನಿಂತಿರಬೇಕು ಎಂಬುದು ಆರ್ಕಿಟೆಕ್ಟ್ ತಾವೇ ಹಾಕಿಕೊಂಡ ಕಟ್ಟಳೆ. ಬಿದ್ದರೆ ಮೊದಲು ನನ್ನ ತಲೆಯ ಮೇಲೆ ಬೀಳಲಿ ಎನ್ನುತ್ತಿದ್ದರು. ಆ ಒಂದು ಮಾತನ್ನು ನಂಬಿಯೇ ಜನ ಅವರನ್ನು ಹುಡುಕಿಕೊಂಡು ಬಂದು ಗುಡಿ ಕಟ್ಟಿಸಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಗುಮ್ಮಟದ ತುದಿಯಲ್ಲಿ ಕೊನೆಗೆ ಕೂರುವ ನೆತ್ತಿಗಲ್ಲನ್ನು, ಮೇಲೇರಿಸುವ ಮುನ್ನ, ಅವರೇ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಲ್ಲು ಗಂಟೆಯಂತೆ ದನಿ ಕೊಡುತ್ತದೆ. ಒಳಗೆ ಬಿರುಕಿದ್ದರೆ ಒದ್ದೆ ಮರ ಬಡಿದ ಹಾಗೆ ಮೊದ್ದು ಸದ್ದು.

"ಕಲ್ಲು ಪಿಸುಗುಟ್ಟಿದ್ರೂ ಇವ್ರಿಗೆ ಕೇಳ್ಸತ್ತೆ, ನಾನು ಕೂಗಿದ್ರೂ ಕೇಳ್ಸಲ್ಲ," ಎಂದು ಹೆಂಡತಿ ಮನೆಗೆ ಬಂದವರೆದುರು ನಗೆಯಾಡುತ್ತಿದ್ದರು. ಆ ನಗೆಯ ಮರೆಯಲ್ಲಿ ಆರ್ಕಿಟೆಕ್ಟರ ಕಿವಿ ಮೆಲ್ಲಗೆ ಸೋಲುತ್ತ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ.

ಈ ಗುಡಿಯ ನೆತ್ತಿಗಲ್ಲನ್ನು ತಟ್ಟಿದ ದಿನ ಅಂಗಳದಲ್ಲಿ ಕಲ್ಲು ಕೊಯ್ಯುವ ಯಂತ್ರ ಅರಚುತ್ತಿತ್ತು. ನಿಲ್ಲಿಸಲೇ ಎಂದು ಮೇಸ್ತ್ರಿ ಸನ್ನೆ ಮಾಡಿದ್ದ. ಬೇಡವೆಂದು ಕೈಯಾಡಿಸಿದ್ದರು. ನಿಲ್ಲಿಸಿದರೂ ತಮಗೆ ಕೇಳಿಸದು ಎಂಬುದು ಅವನಿಗೆಲ್ಲಿ ತಿಳಿದುಬಿಡುತ್ತದೋ ಎಂಬ ಅಳುಕು. ಪೆಟ್ಟು ಅಂಗೈಯಲ್ಲಿ ಜುಮ್ಮೆಂದಿತು, ಅಷ್ಟೇ. ತಲೆಯಾಡಿಸಿದರು. ಅವರ ತಲೆಯಾಡಿತೆಂದರೆ ಮುಗಿಯಿತು, ಕಲ್ಲು ಮೇಲೇರಿತು.

ಈಗ ಅದೇ ಕಲ್ಲಿನ ಕೆಳಗೆ ನಿಂತಿದ್ದರು. ಒಬ್ಬರೇ ನಿಲ್ಲುವುದಾದರೆ ಚಿಂತೆಯಿರಲಿಲ್ಲ. ಬಿದ್ದರೆ ಲೆಕ್ಕ ಅಲ್ಲಿಗೇ ಚುಕ್ತಾ ಎಂದುಕೊಂಡಿದ್ದರು. ಆದರೆ ಅವರ ಜೊತೆಗೇ ಕೆಲಸ ಮಾಡುವ ಮಗಳು ಬಂದು ಪಕ್ಕದಲ್ಲಿ ನಿಂತುಬಿಟ್ಟಳು. ಹೊರಗೆ ಹೋಗು ಎಂದರೆ ಕೇಳಲಿಲ್ಲ.

"ಮುಂದಿನ ಗುಡಿ ನಿಂದೇ ಅಂದ್ರಲ್ಲ ಅಪ್ಪಾ. ನಿಂತು ಅಭ್ಯಾಸ ಆಗ್ಲಿ."

"ತಲೆ ಗಟ್ಟಿ ಇರೋ ಮನೆತನ," ಮೇಸ್ತ್ರಿ ನಕ್ಕ. "ಬಿದ್ರೆ ಕಲ್ಲೇ ಒಡೀಬೇಕು."

ಕಾರಿನಿಂದ ನಕ್ಷೆ ತಂದುಕೊಡು ಎಂದರು. ಕಂಕುಳಲ್ಲೇ ಇದೆಯೆಂದು ತೋರಿಸಿದಳು. ಅಷ್ಟರಲ್ಲಿ ಮೊದಲ ಆಸರೆಯ ಬೆಣೆ ಹೊರಬಂತು. ಮೇಲಿನಿಂದ ಚಿಟಿಕೆಯಷ್ಟು ಪುಡಿ ಉದುರಿ ಅವಳ ಬೈತಲೆಯ ಮೇಲೆ ಬಿತ್ತು. ಅವಳು ಮೇಲೆ ನೋಡಲೂ ಇಲ್ಲ. ಅಪ್ಪ ತಟ್ಟಿದ ಕಲ್ಲಲ್ಲವೇ.

ಮೇಸ್ತ್ರಿ ಎರಡನೆಯ ಬೆಣೆಗೆ ಕೈಹಾಕಿದ. ಆರ್ಕಿಟೆಕ್ಟ್ ಮಗಳ ಬೈತಲೆಯ ಮೇಲಿನ ಪುಡಿಯನ್ನು ನೋಡಿದರು. ಬಾಯಿ ಬಿಟ್ಟರೆ ಇಷ್ಟು ವರ್ಷದ ಹೆಸರು ಒಂದು ಮಾತಿನಲ್ಲಿ ಮಣ್ಣುಪಾಲು.

"ನಿಲ್ಸಿ," ಎಂದರು. "ಆ ಕಲ್ಲು ನಂಗೆ ಕೇಳಿಸ್ಲಿಲ್ಲ. ಸುಮ್ನೆ ತಲೆ ಆಡಿಸ್ಬಿಟ್ಟೆ."

ಮೇಸ್ತ್ರಿ ಅವರ ಮುಖವನ್ನೇ ನೋಡಿದ. ಆಮೇಲೆ ಹೊರತೆಗೆದಿದ್ದ ಬೆಣೆಯನ್ನು ಮತ್ತೆ ಬಡಿದು ಕೂರಿಸಿದ. ಎಲ್ಲರನ್ನೂ ಹೊರಗೆ ಕಳಿಸಿ, ಹೊರಗಿನಿಂದಲೇ ಅಟ್ಟಣಿಗೆ ಹತ್ತಿದ. ಯಂತ್ರಗಳನ್ನು ನಿಲ್ಲಿಸಿದರು.

ಬಾಗಿಲಾಚೆ ನಿಂತ ಆರ್ಕಿಟೆಕ್ಟರಿಗೆ ಸುತ್ತಿಗೆ ಏಳುವುದು, ಇಳಿಯುವುದು ಮಾತ್ರ ಕಾಣುತ್ತಿತ್ತು. ಅವರು ಮಗಳ ಮುಖ ನೋಡುತ್ತ ನಿಂತರು. ಮೇಸ್ತ್ರಿ ಪಕ್ಕದ ಕಲ್ಲಿಗೆ ತಟ್ಟಿದಾಗ ಅವಳ ಹುಬ್ಬು ಸಡಿಲವಾಯಿತು. ನೆತ್ತಿಗಲ್ಲಿಗೆ ತಟ್ಟಿದಾಗ ಕಣ್ಣು ಮುಚ್ಚಿಕೊಂಡಳು.

"ಮೊದ್ದಾ?"

ಅವಳು ಹೌದೆಂದು ತಲೆಯಾಡಿಸಿದಳು. ಅಪ್ಪನಿಗೆ ಬೆನ್ನು ಹಾಕಿ, ಕೆಳಗಿಳಿದ ಮೇಸ್ತ್ರಿಗೆ ಏನೇನೋ ಹೇಳಿದಳು. ಮತ್ತೆ ತಿರುಗಿ ನೋಡಿದಾಗ ಅಪ್ಪ ಸುಮ್ಮನೆ ನಿಂತೇ ಇದ್ದರು. ಬೆನ್ನು ಹಾಕಿಕೊಂಡೇ ತಾನು ಅವರನ್ನು ಕೇಳಿದ ಪ್ರಶ್ನೆ ಅವರಿಗೆ ಮುಟ್ಟಿಲ್ಲ ಎಂಬುದು ಅವಳಿಗೆ ಹೊಳೆಯಿತು. ಹತ್ತಿರ ಬಂದು, ತುಟಿ ಕಾಣುವ ಹಾಗೆ, ನಿಧಾನವಾಗಿ ಮತ್ತೆ ಕೇಳಿದಳು.

"ಹೋದ ವರ್ಷದ ಗುಡಿ ಅಪ್ಪಾ? ಅದ್ರ ಕಲ್ಲು ಕೇಳ್ಸಿತ್ತಾ?"

ಆ ಗುಮ್ಮಟದ ಕೆಳಗೆ ಈ ಹೊತ್ತಿಗೆ ಜನ ಕೂತಿರುತ್ತಾರೆ. ಆರ್ಕಿಟೆಕ್ಟ್ ನೆನಪನ್ನು ತಡಕಿದರು. ಅಂಗೈಯ ಜುಮ್ಮೆನ್ನುವಿಕೆ ಬಿಟ್ಟು ಬೇರೇನೂ ಸಿಗಲಿಲ್ಲ. ಸೊಂಟದಲ್ಲಿದ್ದ ಸುತ್ತಿಗೆಯನ್ನು ತೆಗೆದು ಅವಳ ಮುಂದೆ ಹಿಡಿದರು.

ಅವಳು ಅದನ್ನು ಕಿತ್ತುಕೊಂಡು ಆಗಲೇ ಕಾರಿನತ್ತ ಓಡುತ್ತಿದ್ದಳು.